ತಿಥಿ ಮುಗಿದ ಗಂಡ

ಪಾವಗಡ
12–2–1956

ಚಿ. ಸೌ. ಮಹಾಲಕ್ಷ್ಮಮ್ಮನಿಗೆ ಕದಿರಯ್ಯ ಮಾಡುವ ಆಶೀರ್ವಾದ.

ಇತ್ತ ಕ್ಷೇಮ. ಅವ್ವನ ಮಂಡಿ ನೋವು ಹೇಗಿದೆ? ಹರಳೆಣ್ಣೆ ಬಿಸಿ ಮಾಡಿ ಹಚ್ಚು.

ವಿಷಯಕ್ಕೆ ಬರುತ್ತೇನೆ. ಕಂಟ್ರಾಕ್ಟರ್ ಕಾಡಸಿದ್ದಪ್ಪನವರು ಪಾವಗಡ ರಸ್ತೆಯ ಕೆಲಸವನ್ನೆಲ್ಲ ನನ್ನ ಕೈಗೆ ಬಿಟ್ಟಿದ್ದಾರೆ. ಮೊನ್ನೆ ಇಂಜಿನಿಯರ್ ಸಾಹೇಬರ ಎದುರಿಗೇ ನನ್ನ ಬೆನ್ನು ತಟ್ಟಿದರು. ಈಗ ನಾನು ಅಮಲ್ದಾರರ ಮನೆಗೆ ಹೋಗಿ ಕುರ್ಚಿಯ ಮೇಲೆ ಕೂರುವವನು. ಅಂಥವನ ಪಕ್ಕದಲ್ಲಿ ಸಗಣಿ ಕೈಯ ಹೆಂಡತಿ ನಿಂತರೆ ಹೇಗೆ ಕಾಣುತ್ತದೆ, ನೀನೇ ಯೋಚಿಸು. ಮದುವೆಯಾಗಿ ಎಂಟು ವರ್ಷವಾಯಿತು. ಒಂದು ಮಗುವೂ ಇಲ್ಲ. ಇದರಲ್ಲಿ ನನ್ನ ತಪ್ಪೇನೂ ಇಲ್ಲ.

ಪಟೇಲ ಚಿಕ್ಕರಂಗಯ್ಯನವರ ಹತ್ತಿರ ಮಾತಾಡಿದ್ದೇನೆ. ಸೋಮವಾರ ಊರಿನ ಹಿರಿಯರು ಕಟ್ಟೆಯ ಮೇಲೆ ಸೇರುತ್ತಾರೆ. ನೀನು ತಾಳಿ ತೆಗೆದು ಅವರ ಕೈಗಿಟ್ಟು, ಬಿಡುಗಡೆಗೆ ಒಪ್ಪಿದೆ ಎಂದರೆ ಮುಗಿಯಿತು. ಆಮೇಲೆ ಬೇರೆ ಯಾರನ್ನಾದರೂ ಕೂಡಿಕೆ ಮಾಡಿಕೊಂಡರೂ ನನ್ನ ಅಡ್ಡಿಯಿಲ್ಲ. ಅತ್ತು ಕರೆದು ರಂಪ ಮಾಡಬೇಡ.

ಕದಿರಯ್ಯ


ಹುಲಿಕುಂಟೆ
22–2–1956

ಯಜಮಾನರ ಪಾದಗಳಿಗೆ ಮಹಾಲಕ್ಷ್ಮಮ್ಮ ಮಾಡುವ ನಮಸ್ಕಾರಗಳು.

ಹಿರಿಯರು ಸೇರಿದ್ದರು. ನಾನು ತಾಳಿ ಕೊಡಲಿಲ್ಲ.

“ಒಪ್ಕಂಬುಡಮ್ಮ, ಅವ್ನು ದೊಡ್ಡ ಮನುಷ್ಯ ಆಗೋನು,” ಎಂದರು ಪಟೇಲರು. “ಆಗ್ಲಿ ಬುಡಣ್ಣ, ನಾನೇನು ಅವ್ರ ಕಾಲು ಕಟ್ಟಾಕಿದ್ದೀನಾ?” ಎಂದೆ. ಅಷ್ಟರಲ್ಲಿ ನಿಮ್ಮ ತಾಯಿ ಪೊರಕೆ ಹಿಡಿದು ಕಟ್ಟೆಗೇ ಬಂದರು. “ನನ್ ಮಗ ಬುಟ್ರೆ ಬುಡ್ಲಿ ಕಣ್ರಲಾ, ನಾನು ನನ್ ಸೊಸೆ ಬುಡಾಕಿಲ್ಲ,” ಎಂದು ಕೂಗಾಡಿದ ಮೇಲೆ ಒಬ್ಬೊಬ್ಬರೇ ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಎದ್ದುಹೋದರು. ಮಂಡಿ ನೋವಿದ್ದವರಿಗೆ ಅಷ್ಟು ಜೋರು ಎಲ್ಲಿಂದ ಬಂತೋ.

ಸಗಣಿ ಕೈ ಎಂದು ಬರೆದಿದ್ದೀರಿ. ನೀವು ಶಿರಾದಲ್ಲಿ ಎಸ್.ಎಸ್.ಎಲ್.ಸಿ. ಓದುವಾಗ ವಾರವಾರ ಬುತ್ತಿ ತಂದುಕೊಟ್ಟದ್ದು ಇದೇ ಕೈ. ಆಗ ನಾತ ಹೊಡೆಯಲಿಲ್ಲ. ಕಾಡಸಿದ್ದಪ್ಪನವರ ಮಗಳು ಮದುವೆಯ ವಯಸ್ಸಿಗೆ ಬಂದಿದ್ದಾಳೆ ಎಂದು ಇಲ್ಲಿಯವರೆಗೂ ಸುದ್ದಿ ಬಂದಿದೆ. ನಾನೂ ಮಿಡ್ಲ್ ಸ್ಕೂಲು ಓದಿದವಳು. ಒಬ್ಬಳು ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಜೈಲು ಎಂದು ಹೊಸ ಕಾನೂನು ಬಂದಿರುವುದು ನನಗೂ ಗೊತ್ತು.

ನಾಚಿಕೆ ಬಿಟ್ಟು ಒಂದು ಮಾತು ಬರೆಯುತ್ತೇನೆ. ನನಗೆ ನಿಮ್ಮ ಮೇಲೆ ಇನ್ನೂ ಆಸೆ ಇದೆ. ಬಸ್ಸಿನ ಸದ್ದಾದರೆ ಒಳಗಿನಿಂದ ಓಡಿಬಂದು ನೋಡುತ್ತೇನೆ. ಆದ್ದರಿಂದ ಬಿಡುವುದಿಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಸಾಯುವವರೆಗೆ ಬಿಡುಗಡೆಯ ಮಾತು ಎತ್ತಬೇಡಿ.

ಮಹಾಲಕ್ಷ್ಮಮ್ಮ


ಮಧುಗಿರಿ
4–3–1956

ಮಹಾಲಕ್ಷ್ಮಮ್ಮನಿಗೆ,

ಒಬ್ಬರು ಸಾಯುವವರೆಗೆ ಎಂದಿದ್ದೀಯ. ಸರಿ. ಊರವರ ಮುಂದೆ ನನ್ನ ಮಾನ ಕಳೆದದ್ದಕ್ಕೆ ಸುಖಪಡು. ಇನ್ನು ಈ ವಿಳಾಸಕ್ಕೆ ಬರೆಯಬೇಡ.

ಕ.


ಹುಲಿಕುಂಟೆ
14–12–1956

ಪಾವಗಡದ ಶ್ರೀ ರೇಣುಕಯ್ಯನವರಿಗೆ ಮಹಾಲಕ್ಷ್ಮಮ್ಮನ ನಮಸ್ಕಾರಗಳು.

ನೀವು ನಮ್ಮ ಯಜಮಾನರ ಜೊತೆ ಒಂದೇ ಕೋಣೆಯಲ್ಲಿ ಇದ್ದವರು ಎಂದು ಕೇಳಿ ಬಲ್ಲೆ. ಮುಖ ನೋಡಿಲ್ಲ.

ನೀವು ಕಳಿಸಿದ ಕಾರ್ಡು ಬಂತು. ಮೂಲೆ ಹರಿದದ್ದು ಕಂಡು ಪೋಸ್ಟಿನವನು ಅದನ್ನು ಜಗಲಿಯ ಮೇಲಿಟ್ಟು ತಿರುಗಿ ನೋಡದೆ ಹೋದ. ಹಿಂದೂಪುರದಲ್ಲಿ ಕಾಲರಾ ತಗುಲಿ ಎರಡೇ ದಿನಕ್ಕೆ ತೀರಿಕೊಂಡರು, ಅಲ್ಲೇ ಸುಟ್ಟರು ಎಂದು ಓದಿದೆ. ಇನ್ನೊಂದು ಸಲ ಓದುವಷ್ಟರಲ್ಲಿ ಪಟೇಲರು ಕಿತ್ತುಕೊಂಡು ಒಲೆಗೆ ಹಾಕಿದರು. ಸಾವಿನ ಕಾಗದ ಮನೆಯಲ್ಲಿ ಇರಬಾರದಲ್ಲ.

ಹೆಣವೂ ಇಲ್ಲ, ಬೂದಿಯೂ ಇಲ್ಲ. ಅವರ ಒಂದು ಪಂಚೆ, ಒಂದು ಅಂಗಿ ಮನೆಯಲ್ಲಿ ಉಳಿದಿತ್ತು. ಅದನ್ನೇ ಹೊಲದಲ್ಲಿ ಹೂತು ಗುಡ್ಡೆ ಮಾಡಿದೆವು. ಹಾಲು-ತುಪ್ಪ ಆಯಿತು, ತಿಥಿಯೂ ಆಯಿತು. ಊರೆಲ್ಲ ಬಂದು ಉಂಡಿತು. ನನ್ನ ಬಳೆ ಒಡೆದರು.

ಅಣ್ಣಾ, ನಾನು ಅವರಿಗೆ ಬರೆದ ಕೊನೆಯ ಕಾಗದದಲ್ಲಿ ಸಾವಿನ ಮಾತು ಬರೆದಿದ್ದೆ. ಸಿಟ್ಟಿಗೆ ಬರೆದದ್ದು. ಈ ಕೈ ಕತ್ತರಿಸಿಕೊಳ್ಳೋಣ ಎನಿಸುತ್ತದೆ. ಕೊನೆಗಾಲದಲ್ಲಿ ಅವರು ಏನಾದರೂ ಹೇಳಿದರೇ? ನನ್ನನ್ನು ಬೈದಿದ್ದರೂ ಚಿಂತೆಯಿಲ್ಲ, ಬರೆಯಿರಿ. ತಾಯಿಯನ್ನು ಕೇಳಿದರೇ? ಅತ್ತೆ ಹಿಟ್ಟು ಮುಟ್ಟುತ್ತಿಲ್ಲ. ಬಸ್ಸು ಬರುವ ದಾರಿಗೆ ಹೋಗಿ ಕೂರುತ್ತಾರೆ. ನಿಮ್ಮ ಒಂದು ಮಾತು ಬಂದರೆ ಅದನ್ನು ಓದಿ ಹೇಳಿ ಒಂದು ತುತ್ತು ಉಣ್ಣಿಸುತ್ತೇನೆ. ಎರಡೇ ಸಾಲು ಬರೆದರೂ ಸಾಕು.

ಮಹಾಲಕ್ಷ್ಮಮ್ಮ


ಮಧುಗಿರಿ
8–1–1960

ಚಿ. ಸೌ. ಮಹಾಲಕ್ಷ್ಮಮ್ಮನಿಗೆ ಕದಿರಯ್ಯನ ಆಶೀರ್ವಾದ.

ಈ ಕಾಗದ ಕಂಡು ಗಾಬರಿಯಾಗಬೇಡ. ನಾನು ಬದುಕಿದ್ದೇನೆ.

ಮೂರು ವರ್ಷದ ಹಿಂದೆ ಕಾಲರಾದಿಂದ ಹಿಂದೂಪುರದ ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದೆ. ಪಕ್ಕದ ಹಾಸಿಗೆಯವನು ಸತ್ತದ್ದನ್ನು ಕೇಳಿ ರೇಣುಕಯ್ಯ ಏನೋ ತಿಳಿದುಕೊಂಡು ಬರೆದುಬಿಟ್ಟ. ಎದ್ದ ಮೇಲೆ ಗೊತ್ತಾಯಿತು. ಸತ್ತೆನೆಂದು ಊಟ ಹಾಕಿಸಿದ ಊರಿಗೆ ಹೇಗೆ ಮುಖ ತೋರಿಸುವುದು ಎಂದು ಸಂಕೋಚದಿಂದ ಸುಮ್ಮನಿದ್ದೆ. ಅದು ಹೋಗಲಿ.

ತಾಲ್ಲೂಕು ಬೋರ್ಡಿನ ಎಲೆಕ್ಷನ್ ಬರುತ್ತಿದೆ. ಮಧುಗಿರಿಯಲ್ಲಿ ನನಗೆ ಜಾಗ ಸಿಗಲಿಲ್ಲ, ಶಿರಾ ಬೋರ್ಡಿಗೆ ಹುಲಿಕುಂಟೆಯ ಕಡೆಯಿಂದ ನಿಲ್ಲುವವನು. ಗೆದ್ದರೆ ಅಧ್ಯಕ್ಷನೇ ಆಗುತ್ತೇನೆ, ದೊಡ್ಡವರು ಮಾತು ಕೊಟ್ಟಿದ್ದಾರೆ. ಆದರೆ ಊರಿನ ಓಟಿನ ಪಟ್ಟಿಯಲ್ಲಿ ನನ್ನ ಹೆಸರು ಹೊಡೆದುಹಾಕಿದ್ದಾರೆ. ಶಾನುಭೋಗರಿಗೆ ಹೇಳಿಕಳಿಸಿದರೆ, “ನಿಮ್ಮ ತಿಥಿ ಊಟ ನಾನೇ ಉಂಡಿದ್ದೀನಲ್ಲ ಸ್ವಾಮಿ, ಹೆಂಡ್ತಿ ಬಂದು ಇವ್ರೇ ಅಂದ್ರೆ ಸೇರಿಸ್ತೀನಿ,” ಎನ್ನುತ್ತಾನೆ. ಆದ್ದರಿಂದ ನೀನು ಹಿರಿಯರ ಮುಂದೆ ನನ್ನನ್ನು ಗುರುತಿಸಬೇಕು. ಈ ತಿಂಗಳೊಳಗೆ ಆಗಬೇಕಾದ ಕೆಲಸ.

ಅವ್ವ ಹೇಗಿದ್ದಾಳೆ? ನಾನೇ ಬಂದು ಕಾಲಿಗೆ ಬೀಳುತ್ತೇನೆಂದು ಹೇಳು.

ಕದಿರಯ್ಯ


ಹುಲಿಕುಂಟೆ
15–1–1960

ಮಧುಗಿರಿಯಿಂದ ಬರೆದವರಿಗೆ,

ಯಾರು ನೀವು? ನಮ್ಮ ಮನೆಯವರು ತೀರಿಕೊಂಡು ಮೂರು ವರ್ಷವಾಯಿತು. ಅವರ ಅಕ್ಷರವನ್ನು ಚೆನ್ನಾಗಿ ಕಲಿತಿದ್ದೀರಿ, ಭೇಷ್. ಆದರೆ ಗಂಡ ಸತ್ತವಳಿಗೆ ಯಾರೂ ಚಿ. ಸೌ. ಎಂದು ಬರೆಯುವುದಿಲ್ಲ. ಅಷ್ಟೂ ತಿಳಿಯದವರು ಎಲೆಕ್ಷನ್ನಿಗೆ ನಿಲ್ಲುತ್ತೀರಾ?

ನಮ್ಮವರಾಗಿದ್ದರೆ ಸಂಕೋಚಕ್ಕೆ ಮೂರು ವರ್ಷ ಅಡಗಿ ಕೂರುವವರಲ್ಲ. ಅವರಿಗೆ ಸಂಕೋಚ ಎಂಬುದು ಇರಲೇ ಇಲ್ಲ. ಸತ್ತವರ ಹೆಸರಿನಲ್ಲಿ ಓಟು ಕೇಳುವುದನ್ನು ಬಿಟ್ಟು ನಿಮ್ಮ ಹೆಸರಿನಲ್ಲಿ ಕೇಳಿ. ಇನ್ನೊಮ್ಮೆ ಬರೆದರೆ ಶಿರಾ ಪೊಲೀಸ್ ಠಾಣೆಗೆ ಕೊಡುತ್ತೇನೆ.

ಮಹಾಲಕ್ಷ್ಮಮ್ಮ


ಮಧುಗಿರಿ
21–1–1960

ಮಹಾಲಕ್ಷ್ಮಮ್ಮ,

ನಿನ್ನ ಕೊಬ್ಬು ಇಳಿದಿಲ್ಲ. ಗುರುತು ಬೇಕೇ? ನಿನ್ನ ಎಡಗೈಯ ಒಳಭಾಗದಲ್ಲಿ, ಮೊಣಕೈಯ ಹತ್ತಿರ, ರೊಟ್ಟಿ ಹೆಂಚಿನಿಂದ ಸುಟ್ಟ ಕಲೆ ಇದೆ. ಕಾಲು ಜಾರಿ ಬಿದ್ದೆ ಎಂದು ನೀನು ಊರಿಗೆಲ್ಲ ಹೇಳಿದೆ. ನಿನ್ನನ್ನು ತಳ್ಳಿದವನು ನಾನು. ಈ ಮಾತು ನನಗೂ ನಿನಗೂ ಬಿಟ್ಟರೆ ಅವ್ವನಿಗೂ ಗೊತ್ತಿಲ್ಲ. ಸಾಕೇ?

ಸರಿಯಾಗಿ ಕೇಳು. ನೀನು ಇರುವ ಮನೆ, ಬಿತ್ತುವ ಹೊಲ ನನ್ನ ಅಪ್ಪನದು. ನಾನು ಕೋರ್ಟಿಗೆ ಹೋಗಿ ಬದುಕಿದ್ದೇನೆ ಎಂದು ಸಾಧಿಸಿದರೆ ನಿನ್ನನ್ನು ಅಂಗಳಕ್ಕೆ ನಿಲ್ಲಿಸಬಲ್ಲೆ. ಆದರೆ ಅದಕ್ಕೆ ಸಮಯವಿಲ್ಲ. ನೀನಾಗಿ ಒಪ್ಪಿದರೆ ಹಳೆಯದನ್ನೆಲ್ಲ ಮರೆಯುತ್ತೇನೆ. ಮತ್ತೆ ಮುತ್ತೈದೆಯಾಗಿ ಓಡಾಡು. ಅಧ್ಯಕ್ಷರ ಹೆಂಡತಿ ಎಂದು ನಾಲ್ಕು ಜನ ಕೈ ಮುಗಿಯುತ್ತಾರೆ. ನಿನಗೆ ಬೇಕಾಗಿದ್ದುದೂ ಅದೇ ತಾನೇ?

ಅವ್ವನ ವಿಷಯ ಏನೂ ಬರೆದಿಲ್ಲ. ನನ್ನ ಮೇಲೆ ಕೋಪವೇ?

ಕದಿರಯ್ಯ


ಹುಲಿಕುಂಟೆ
27–1–1960

ಯಜಮಾನರ ಪಾದಗಳಿಗೆ ಮಹಾಲಕ್ಷ್ಮಮ್ಮ ಮಾಡುವ ನಮಸ್ಕಾರಗಳು.

ಹೌದು, ನೀವೇ. ಆ ಕಲೆಯ ಮಾತು ಓದಿದ ಮೇಲೆ ಅನುಮಾನ ಉಳಿಯಲಿಲ್ಲ. ಒರಟಾಗಿ ಬರೆದದ್ದನ್ನು ಹೊಟ್ಟೆಗೆ ಹಾಕಿಕೊಳ್ಳಿ. ಒಂಟಿ ಹೆಂಗಸು, ಯಾರನ್ನು ನಂಬಲಿ?

ನೀವು ಹೇಳಿದಂತೆಯೇ ಮಾಡುತ್ತೇನೆ. ಆದರೆ ಕದ್ದು ಬರಬೇಡಿ. ಸಂತೆಯ ದಿನ ಮಧ್ಯಾಹ್ನದ ಬಸ್ಸಿಗೆ ಬನ್ನಿ, ಊರವರೆಲ್ಲ ಇರುತ್ತಾರೆ. ಪಟೇಲರು, ಶಾನುಭೋಗರು, ಹಿರಿಯರು ಎಲ್ಲರನ್ನೂ ಕಟ್ಟೆಗೆ ಕರೆಸಿರುತ್ತೇನೆ. ನೀವೇ ನಿಮ್ಮ ಬಾಯಿಂದ ನಾನು ಇಂಥವನು, ಇವಳು ನನ್ನ ಕೈಹಿಡಿದ ಹೆಂಡತಿ ಎಂದು ಹೇಳಿ. ನಾನು ಹೌದು ಎನ್ನುತ್ತೇನೆ. ಅಲ್ಲೇ ಎಲ್ಲರ ಎದುರಿಗೆ ಮತ್ತೆ ತಾಳಿ ಕಟ್ಟಿ, ಕುಂಕುಮ ಇಟ್ಟರೆ ಸತ್ತವರ ಮಾತು ಯಾರೂ ಎತ್ತುವುದಿಲ್ಲ. ಪಟೇಲರು ಬರೆದು ಹೆಬ್ಬೆಟ್ಟು, ಸಹಿ ಎಲ್ಲ ಹಾಕಿಸುತ್ತಾರೆ.

ನನಗೆ ಬೇರೇನೂ ಬೇಡ. ಬನ್ನಿ.

ಮಹಾಲಕ್ಷ್ಮಮ್ಮ


ಶಿರಾ
10–2–1960

ಮಹಾಲಕ್ಷ್ಮಮ್ಮನಿಗೆ,

ನಾಮಪತ್ರ ಒಪ್ಪಿಗೆಯಾಯಿತು. ಆ ಮಟ್ಟಿಗೆ ನೀನು ಮಾತು ಉಳಿಸಿಕೊಂಡೆ.

ಆದರೆ ಅವ್ವ ಸತ್ತಿರುವುದನ್ನು ನನಗೆ ಯಾಕೆ ತಿಳಿಸಲಿಲ್ಲ? ಎರಡು ಕಾಗದದಲ್ಲಿ ಕೇಳಿದ್ದೆ. ಕಟ್ಟೆಯ ಮೇಲೆ ಹಾರ ಹಾಕಿಸಿಕೊಂಡು, ಅವ್ವ ಎಲ್ಲಿ ಎಂದು ನಾನು ಕೇಳಿದರೆ ನೀನು ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದೆ. ಅಲ್ಲಿ ನನ್ನ ಗುಡ್ಡೆ, ಅದಕ್ಕೆ ಒತ್ತಿಕೊಂಡು ಅವ್ವನ ಗುಡ್ಡೆ. ನನ್ನ ಗುಡ್ಡೆಗೆ ಮೊನ್ನೆ ಮೊನ್ನೆ ಸುಣ್ಣ ಬಳಿದಂತಿತ್ತು. ನೀನು ಪಕ್ಕದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದೆ. ನಾನು ಅಳುತ್ತೇನೋ ಇಲ್ಲವೋ ಎಂದು ನೋಡುತ್ತಿದ್ದೆಯಾ? ಆ ನೋಟ ನನಗೆ ಹಿಡಿಸಲಿಲ್ಲ. ಬಸ್ಸಿನಲ್ಲಿ ಕೂತಾಗಲೂ ಬೆನ್ನಿಗೆ ಅಂಟಿದ ಹಾಗಿತ್ತು.

ಇರಲಿ, ವಯಸ್ಸಾಗಿತ್ತು. ಎಲೆಕ್ಷನ್ ಮುಗಿಯುವವರೆಗೆ ನಾನು ಶಿರಾದಲ್ಲೇ ಇದ್ದು ಹಳ್ಳಿ ತಿರುಗುತ್ತೇನೆ. ಹದಿನಾಲ್ಕಕ್ಕೆ ಬರಗೂರು. ನೀನು ಮನೆ ಬಿಟ್ಟು ಕದಲಬೇಡ. ಮಧುಗಿರಿಗಂತೂ ಬರಲೇಕೂಡದು. ಅಲ್ಲಿ ನನಗೆ ಸ್ವಂತ ಮನೆಯಿಲ್ಲ, ಕಾಡಸಿದ್ದಪ್ಪನವರ ಮನೆಯಲ್ಲಿ ಒಂದು ಕೋಣೆ ಕೊಟ್ಟಿದ್ದಾರೆ ಅಷ್ಟೆ. ಹೆಂಗಸರು ಬಂದು ಹೋಗುವ ಜಾಗವಲ್ಲ.

ಕದಿರಯ್ಯ


ಹುಲಿಕುಂಟೆ
16–2–1960

ಯಜಮಾನರಿಗೆ,

ಮಧುಗಿರಿಗೆ ಹೋಗಿಬಂದೆ. ನಿಮ್ಮ ಕೋಣೆ ದೊಡ್ಡದಾಗಿದೆ.

ಎಲ್ಲವನ್ನೂ ಹೇಳುತ್ತೇನೆ, ಕೂತು ಓದಿ. ಶಿರಾದ ಬಳೆಗಾರ್ತಿ ಖಾಜಾಬಿ ನಿಮಗೆ ನೆನಪಿರಬೇಕು, ನಮ್ಮ ಮದುವೆಗೂ ಬಳೆ ತೊಡಿಸಿದವಳು. ಐವತ್ತೇಳರ ವೈಶಾಖದಲ್ಲಿ ಮಧುಗಿರಿಯ ಒಂದು ದೊಡ್ಡ ಮದುವೆ ಮನೆಗೆ ಬಳೆ ತೊಡಿಸಲು ಹೋಗಿದ್ದಳಂತೆ. ಮದುವಣಗಿತ್ತಿಯ ಕೊರಳಿನಲ್ಲಿ ಸವತಿ ಬಿಲ್ಲೆ. ಸತ್ತ ಮೊದಲ ಹೆಂಡತಿ ಬಂದು ಕಾಡಬಾರದೆಂದು ಅವಳ ಹೆಸರಿನಲ್ಲಿ ಎರಡನೆಯವಳು ಕಟ್ಟಿಕೊಳ್ಳುವ ಚಿನ್ನದ ಬಿಲ್ಲೆ. ಸತ್ತವಳು ಯಾರು ಎಂದು ಖಾಜಾಬಿ ಕೇಳಿದರೆ, ಹುಲಿಕುಂಟೆಯ ಮಹಾಲಕ್ಷ್ಮಮ್ಮ ಎಂದರಂತೆ. ನೇರ ನಮ್ಮ ಮನೆಗೆ ಬಂದು ಬಳೆ ಮಲಾರ ಇಳಿಸಿ ಎದೆ ಎದೆ ಬಡಿದುಕೊಂಡಳು. “ಯಾ ಅಲ್ಲಾ, ನೀನು ಸತ್ತೋಗಿದ್ದೀಯಂತೆ ಕಣಮ್ಮ! ನಿನ್ ಗಂಡ ಬಾಸಿಂಗ ಕಟ್ಕಂಡು ಕುಂತವ್ನೆ! ನಿನ್ಗೆ ಎಡೆ ಇಕ್ಕಿ ಕಾಯಿ ಒಡೆದ್ರು, ನನ್ ಕಣ್ಣಾರೆ ನೋಡ್ದೆ!” ಎಂದಳು.

ಇಲ್ಲಿ ನಿಮ್ಮನ್ನು ನೀವೇ ಸಾಯಿಸಿಕೊಂಡಿರಿ, ಅಲ್ಲಿ ನನ್ನನ್ನು ಸಾಯಿಸಿದಿರಿ. ಮಗಳನ್ನು ಕೊಡುವ ಮಾವನವರಿಗೆ ಹೆಂಡತಿ ಸತ್ತಳು ಎಂದು ಹೇಳಿದಿರಿ ಸರಿ. ಆದರೆ ಬಿಲ್ಲೆಗೆ ಪೂಜೆ ಮಾಡುವಾಗ ಹೆಸರು ಹೇಳಲೇಬೇಕಲ್ಲ. ಸುಳ್ಳು ಹೆಸರು ಹೇಳಲು ಯಾಕೆ ಹೆದರಿದಿರಿ? ಬದುಕಿರುವ ಹೆಂಡತಿಗೆ ಹೆದರದವರು, ಸತ್ತ ಹೆಂಡತಿಗೆ ಹೆದರಿದಿರಾ?

ಆಗಲೇ ಯಾಕೆ ಕೂಗಲಿಲ್ಲ ಎಂದು ಕೇಳಬಹುದು. ಬಳೆಗಾರ್ತಿಯ ಮಾತು, ವಿಧವೆಯ ಮಾತು ಯಾರು ಕೇಳುತ್ತಾರೆ? ನಾನು ಹೋಗಿ ನಿಂತರೆ ಯಾರೋ ಹುಚ್ಚಿ ಎಂದು ನಾಯಿ ಬಿಡುತ್ತಿದ್ದಿರಿ. ನೀವೇ ಊರ ನಡುವೆ ನಿಂತು ನಾನು ಬದುಕಿದ್ದೇನೆ, ಇವಳು ನನ್ನ ಹೆಂಡತಿ ಎಂದು ಹೇಳಬೇಕಾಗಿತ್ತು. ಮೇಲೆ ಹತ್ತುವ ಆಸೆ ನಿಮ್ಮನ್ನು ಒಂದಲ್ಲ ಒಂದು ದಿನ ಎಳೆದು ತರುತ್ತದೆ ಎಂದು ಗೊತ್ತಿತ್ತು. ಕಾದೆ. ಬಂದಿರಿ. ಹೇಳಿದಿರಿ. ಸಹಿಯನ್ನೂ ಹಾಕಿದಿರಿ.

ಮೊನ್ನೆ ನೀವು ಬರಗೂರಿನಲ್ಲಿ ಓಟು ಕೇಳುತ್ತಿದ್ದಾಗ ನಾನು, ಪಟೇಲರು, ಖಾಜಾಬಿ ಮೂವರೂ ಮಧುಗಿರಿಯ ಬಸ್ಸು ಹತ್ತಿದೆವು. ನೀವು ಕಟ್ಟಿದ ತಾಳಿ ಹಾಕಿಕೊಂಡಿದ್ದೆ, ಎರಡೂ ಕೈತುಂಬ ಹಸಿರು ಬಳೆ. ಕಾಡಸಿದ್ದಪ್ಪನವರ ಮಗಳು ಸಿದ್ದಗಂಗಮ್ಮನೇ ಬಾಗಿಲು ತೆಗೆದಳು. ತುಂಬು ಬಸುರಿ. ಹೆಸರು ಹೇಳಿದೆ. ಅವಳ ಕೈ ಕೊರಳಿನ ಬಿಲ್ಲೆಗೆ ಹೋಯಿತು, ಅಲ್ಲೇ ಹೊಸ್ತಿಲ ಮೇಲೆ ಕುಸಿದಳು. ದೆವ್ವ ಎಂದುಕೊಂಡಳೋ ಏನೋ. ಅವಳು ನನಗೆ ಏನೂ ಮಾಡಿರಲಿಲ್ಲ. ಹಿಂದಕ್ಕೆ ಹೋಗಿಬಿಡಲೇ ಎಂದೂ ಅನಿಸಿತು. ಹೋಗಲಿಲ್ಲ.

ಕಟ್ಟೆಯಲ್ಲಿ ಪಟೇಲರು ಬರೆಸಿದ್ದ ಕಾಗದವನ್ನು ಕಾಡಸಿದ್ದಪ್ಪನವರು ಮೂರು ಸಲ ಓದಿದರು. “ಈ ಸಹಿ ಅವ್ನುದೇ,” ಎಂದರು. ಆಮೇಲೆ, “ನನ್ ಮನೆ ಅನ್ನ ತಿಂದು ನನ್ ಮಗಳ್ನ ಇಟ್ಕಂಡೋಳ್ನ ಮಾಡ್ಬುಟ್ನಲ್ಲ,” ಎಂದು ತಲೆ ಹಿಡಿದುಕೊಂಡರು. ವಕೀಲರನ್ನು ಗೊತ್ತು ಮಾಡಿಕೊಟ್ಟವರು ಅವರೇ. ಹೆಂಡತಿಯೇ ದೂರು ಕೊಡಬೇಕಂತೆ ಇದಕ್ಕೆ. ಕೊಟ್ಟಿದ್ದೇನೆ.

ಮಹಾಲಕ್ಷ್ಮಮ್ಮ


ಊರು ಬರೆದಿಲ್ಲ
5–4–1960

ಮಹಾಲಕ್ಷ್ಮಿ,

ಎಲ್ಲಿದ್ದೇನೆಂದು ಹೇಳುವುದಿಲ್ಲ. ಪಾವಗಡದ ಆಚೆ, ಆಂಧ್ರದ ಗಡಿಯ ಒಂದು ಹಳ್ಳಿ. ಇಲ್ಲಿಯವರು ಎಲ್ಲರನ್ನೂ “ಎವರು ನುವ್ವು?”, ಯಾರು ನೀನು, ಎಂದೇ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಹೆಸರು ಹೇಳಿದ್ದೇನೆ. ಯಾರಿಗೆ ಯಾವುದು ಹೇಳಿದೆ ಎಂದು ನೆನಪಿಟ್ಟುಕೊಳ್ಳುವುದೇ ಕೆಲಸವಾಗಿದೆ.

ಎಲೆಕ್ಷನ್ ಹೋಯಿತು. ಶಿರಾದಲ್ಲಿ ಹುಡುಗರು ನನ್ನ ಹಿಂದೆ ತಮಟೆ ಬಡಿದುಕೊಂಡು ಬಂದರು, ಹೆಣದ ಮುಂದೆ ಬಡಿಯುವ ಹಾಗೆ. ಮಾವ ನನ್ನ ಪೆಟ್ಟಿಗೆಯನ್ನು ರಸ್ತೆಗೆ ಎಸೆದರು. ಗಂಡು ಮಗು ಹುಟ್ಟಿದೆಯಂತೆ. ನೋಡಲು ಬಿಡಲಿಲ್ಲ. ಇಪ್ಪತ್ತೈದಕ್ಕೆ ಮಧುಗಿರಿ ಕೋರ್ಟಿಗೆ ಹಾಜರಾಗಬೇಕು, ಇಲ್ಲದಿದ್ದರೆ ಪೊಲೀಸರು ಬರುತ್ತಾರೆ. ಜೈಲು ಖಂಡಿತ ಎಂದು ವಕೀಲರು ಹೇಳಿದ್ದಾರೆ.

ದೂರು ಕೊಟ್ಟವಳು ನೀನು, ವಾಪಸು ತೆಗೆದುಕೊಳ್ಳಬಲ್ಲವಳೂ ನೀನೇ. ನಿನಗೆ ನನ್ನ ಮೇಲೆ ಒಂದು ಕಾಲದಲ್ಲಿ ಆಸೆ ಇತ್ತು. ಅದರ ಮೇಲೆ ಆಣೆ ಇಟ್ಟು ಕೇಳುತ್ತೇನೆ. ಮನೆ, ಹೊಲ ನಿನಗೆ ಬರೆದುಕೊಡುತ್ತೇನೆ. ಹುಲಿಕುಂಟೆಯ ಕಡೆ ಮುಖ ಹಾಕುವುದಿಲ್ಲ. ನಾನು ಸತ್ತೆ ಎಂದೇ ತಿಳಿದುಕೊಂಡು ಬಿಟ್ಟುಬಿಡು.

ಕದಿರಯ್ಯ

ವಿಳಾಸ ಬೇಡ. ಪಾವಗಡದಲ್ಲಿ ರೇಣುಕಯ್ಯನಿಗೆ ಬರೆದರೆ ನನಗೆ ಮುಟ್ಟುತ್ತದೆ.


ಹುಲಿಕುಂಟೆ
14–4–1960

ಕದಿರಯ್ಯ,

ಗಂಡನ ಹೆಸರು ಬರೆದೆ ಎಂದು ಬೆಚ್ಚಬೇಡಿ. ಕಟಕಟೆಯಲ್ಲಿ ನಿಂತು ಹೇಳಬೇಕಲ್ಲ, ಅಭ್ಯಾಸ ಮಾಡಿಕೊಳ್ಳುತ್ತಿದ್ದೇನೆ.

ರೇಣುಕಯ್ಯನಿಗೆ ಬರೆದರೆ ನಿಮಗೆ ಮುಟ್ಟುತ್ತದೆ ಎಂದು ನೀವೇ ಬರೆದುಬಿಟ್ಟಿರಿ. ಹಾಗಾದರೆ ಅಂದು ನಾನು ಬರೆದದ್ದೂ ಮುಟ್ಟಿತ್ತು. ತಾಯಿ ಹಿಟ್ಟು ಮುಟ್ಟುತ್ತಿಲ್ಲ, ದಾರಿಯಲ್ಲಿ ಕೂರುತ್ತಾರೆ, ಎರಡು ಸಾಲು ಬರೆಯಿರಿ ಎಂದಿದ್ದೆ. ಅದನ್ನು ಓದಿಯೂ ಸುಮ್ಮನಿದ್ದಿರಿ. ಇದೊಂದು ಮಾತ್ರ ನನಗೆ ಈವರೆಗೆ ಗೊತ್ತಿರಲಿಲ್ಲ. ನಿಮಗೆ ತಾಯಿಯ ಸ್ಥಿತಿ ತಿಳಿಯದೇ ಹೋಯಿತೇನೋ ಎಂದು ಒಂದು ಎಳೆ ಕರುಣೆ ಉಳಿಸಿಕೊಂಡಿದ್ದೆ. ಅದೂ ಹೋಯಿತು. ಒಳ್ಳೆಯದೇ ಆಯಿತು.

ವಯಸ್ಸಾಗಿತ್ತು ಎಂದಿರಲ್ಲ, ಕೇಳಿ. ಅವರು ವಯಸ್ಸಿನಿಂದ ಸಾಯಲಿಲ್ಲ. ಯುಗಾದಿಯವರೆಗೆ ದಿನಾ ಬಸ್ಸಿನ ದಾರಿಗೆ ಹೋದರು. ಇಳಿದವರನ್ನೆಲ್ಲ ಸೆರಗು ಹಿಡಿದು, ವಲ್ಲಿ ಹಿಡಿದು, “ಹಿಂದೂಪುರದ ಕಡೆಯಿಂದ ಬಂದ್ಯಾ ಮಗಾ? ನನ್ ಮಗುನ್ನ ಸುಟ್ಟಿದ್ದು ನೋಡ್ದೋರು ಯಾರಾನ ಅವ್ರಾ?” ಎಂದು ಕೇಳುತ್ತಿದ್ದರು. ಕಾಲು ಸೋತ ಮೇಲೆ ನಾನು ಎತ್ತಿಕೊಂಡು ಹೋಗಿ ಕೂರಿಸುತ್ತಿದ್ದೆ. ಕೊನೆಯ ದಿನ ಬಾಯಿಗೆ ನೀರು ಬಿಟ್ಟರೂ ನುಂಗಲಿಲ್ಲ. “ಅವ್ನು ಬದುಕವ್ನೆ ಅಂತ ಒಬ್ರಾನ ಸುಳ್ಳಾದ್ರೂ ಹೇಳ್ರವ್ವ,” ಎಂದರು. ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ನಿಜವೇ ಅದಾಗಿತ್ತು ಎಂದು ಆಗ ನನಗೇನು ಗೊತ್ತು? ಖಾಜಾಬಿ ಬಂದದ್ದು ಅವರು ಹೋದ ಮೇಲೆ.

ದೂರು ವಾಪಸು ತೆಗೆದುಕೊಳ್ಳುವುದಿಲ್ಲ. ಮನೆ, ಹೊಲ ಬೇಡ. ಸಿದ್ದಗಂಗಮ್ಮನ ಮಗುವಿಗೆ ಬರೆಯಿರಿ. ಇಪ್ಪತ್ತೈದನೇ ತಾರೀಕು ಮ್ಯಾಜಿಸ್ಟ್ರೇಟರು ನಿಮ್ಮನ್ನು ತೋರಿಸಿ ಇವರು ಯಾರು ಎಂದು ಕೇಳುತ್ತಾರೆ. ಹೆಸರು ಹೇಳುತ್ತೇನೆ. ನನ್ನ ಗಂಡ, ನನ್ನ ಅತ್ತೆ ದಾಸಮ್ಮನ ಮಗ, ಬದುಕಿದ್ದಾನೆ ಎಂದು ಹೇಳುತ್ತೇನೆ. ಹೊಲದಲ್ಲಿನ ಅವರ ಗುಡ್ಡೆಯವರೆಗೂ ಕೇಳಿಸುವ ಹಾಗೆ ಹೇಳುತ್ತೇನೆ.

ಮಹಾಲಕ್ಷ್ಮಮ್ಮ